ಬಿಯರಿನ ಬೆನ್ನು ಹತ್ತಿ ಹೋದ ಇನ್ನೊಬ್ಬ ಮೈಕೇಲ್ ಜಾಕ್ಸನ್

ಮೈಕೇಲ್ ಜಾಕ್ಸನ್ ಎಂದೊಡನೆ ಒಂದೇ ಕೈಗೆ ಗವಸು ತೊಟ್ಟು, ಹಿಂದಕ್ಕೆ ಜಾರುತ್ತ ಕುಣಿಯುವ ಅಮೆರಿಕದ ಗಾಯಕ ಕಣ್ಣೆದುರು ಬರುವುದು ಸಹಜ. ಆ ಗಾಯಕ ಖ್ಯಾತಿಯ ತುತ್ತತುದಿಯಲ್ಲಿದ್ದ ವರ್ಷಗಳಲ್ಲಿಯೇ ಅದೇ ಹೆಸರಿನ ಇನ್ನೊಬ್ಬರು, ಗುಂಗುರು ಕೂದಲಿನ, ಕನ್ನಡಕಧಾರಿ ಇಂಗ್ಲಿಷ್ ಪತ್ರಕರ್ತರೊಬ್ಬರು, ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಬೆಲ್ಜಿಯಂನ ಹಳ್ಳಿಗಳನ್ನೂ ಜರ್ಮನಿಯ ಪಟ್ಟಣಗಳನ್ನೂ ಸುತ್ತುತ್ತಿದ್ದರು. ಹೋದಲ್ಲೆಲ್ಲ ಅವರು ಕೇಳುತ್ತಿದ್ದುದು ಒಂದೇ ವಿಷಯ: ಇಲ್ಲಿ ಬಿಯರ್ ಹೇಗೆ ಮಾಡುತ್ತಾರೆ, ಯಾರು ಮಾಡುತ್ತಾರೆ, ಬೇರೆಲ್ಲೂ ಸಿಗದ ಈ ರುಚಿ ಇದಕ್ಕೆ ಎಲ್ಲಿಂದ ಬಂತು. ತಮ್ಮ ಹೆಸರಿನ ಬಗ್ಗೆ ತಾವೇ ಸಭೆಗಳಲ್ಲಿ ತಮಾಷೆ ಮಾಡಿ ಮಾತು ಆರಂಭಿಸುವುದು ಅವರ ರೂಢಿಯಾಗಿತ್ತು. ಗಾಯಕ ತೀರಿಕೊಂಡದ್ದು 2009ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಈ ಪತ್ರಕರ್ತ ಲೋಕದಿಂದ ತೆರಳಿದ್ದರು. ಆ ಸುದ್ದಿ ಗಾಯಕನ ಸಾವಿನಂತೆ ಲೋಕವನ್ನು ಅಲುಗಿಸಲಿಲ್ಲ, ನಿಜ. ಆದರೆ ಬಿಯರ್ ತಯಾರಿಸುವವರ ನಡುವೆ ಇಂದಿಗೂ ಆ ಹೆಸರು ಹೇಳಿದರೆ ಮೊದಲು ನೆನಪಾಗುವವರು ಈ ಜಾಕ್ಸನ್ನರೇ.

ಮದ್ಯದ ಬಗ್ಗೆ ಬರೆದವರ ಜೀವನಕಥೆ ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕುಡಿಯುವುದನ್ನು ಹೊಗಳುವುದು ಈ ಬರಹದ ಉದ್ದೇಶವಲ್ಲ, ಜಾಕ್ಸನ್ ಅವರ ಉದ್ದೇಶವೂ ಅದಾಗಿರಲಿಲ್ಲ. ಮಾವಿನ ಉದಾಹರಣೆಯನ್ನೇ ನೋಡೋಣ. ರಸಪುರಿ, ಬಾದಾಮಿ, ಮಲ್ಲಿಕಾ, ತೋತಾಪುರಿ ಎಂಬ ಹೆಸರುಗಳು ನಮ್ಮ ನಾಲಗೆಯ ಮೇಲೆ ಇರುವವರೆಗೆ ಆ ಮರಗಳೂ ತೋಟಗಳಲ್ಲಿ ಉಳಿದಿರುತ್ತವೆ. ಅಂಗಡಿಯಲ್ಲಿ ಎಲ್ಲದಕ್ಕೂ ಬರಿಯ ಮಾವು ಎಂಬ ಒಂದೇ ಚೀಟಿ ಅಂಟಿಸುವ ಕಾಲ ಬಂದರೆ, ಹೆಚ್ಚು ದಿನ ಕೆಡದೆ ಇರುವ ಒಂದೆರಡು ತಳಿಗಳ ಹೊರತು ಮಿಕ್ಕವನ್ನು ಬೆಳೆಯುವವರೇ ಇರುವುದಿಲ್ಲ. 1970ರ ದಶಕದಲ್ಲಿ ಯುರೋಪು ಮತ್ತು ಅಮೆರಿಕಗಳ ಬಿಯರಿಗೆ ಒದಗಿದ್ದು ಇದೇ ಗತಿ. ಆಗ ಹೆಸರುಗಳನ್ನು ಮತ್ತೆ ಹೆಕ್ಕಿ ತಂದು ಒಂದೊಂದಾಗಿ ಬರೆದಿಟ್ಟವರು ಜಾಕ್ಸನ್.

ಅವರು ಹುಟ್ಟಿದ್ದು 1942ರ ಮಾರ್ಚ್ 27ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ವೆದರ್ಬಿಯಲ್ಲಿ. ತಂದೆಯ ಕಡೆಯವರು ಲಿಥುವೇನಿಯಾದಿಂದ ವಲಸೆ ಬಂದ ಯಹೂದಿಗಳು. ಯಾಕೊವಿಟ್ಜ್ ಎಂಬ ಮನೆತನದ ಹೆಸರು ಬ್ರಿಟನ್ನಿನ ನೆಲದಲ್ಲಿ ಜಾಕ್ಸನ್ ಆಯಿತು. ಮನೆಯಲ್ಲಿ ಅನುಕೂಲವಿರಲಿಲ್ಲ. ಹದಿನಾರರ ಹರೆಯದಲ್ಲೇ ಶಾಲೆ ಬಿಟ್ಟು ಹಡರ್ಸ್‌ಫೀಲ್ಡ್ ಪಟ್ಟಣದ ಪತ್ರಿಕೆಯಲ್ಲಿ ವರದಿಗಾರಿಕೆ ಆರಂಭಿಸಿದರು. ನ್ಯಾಯಾಲಯ, ಪುರಸಭೆ, ಅಪಘಾತ, ಪಂದ್ಯ ಎಂದು ಸಿಕ್ಕಿದ್ದನ್ನೆಲ್ಲ ವರದಿ ಮಾಡುವ ಸಣ್ಣ ಊರಿನ ಪತ್ರಿಕೆಯ ಆ ಪಾಠ ಅವರ ಕೈ ಬಿಡಲೇ ಇಲ್ಲ. ಜಗತ್ಪ್ರಸಿದ್ಧರಾದ ಮೇಲೂ ತಮ್ಮನ್ನು ರುಚಿಯ ಪಂಡಿತ ಎಂದು ಕರೆದುಕೊಳ್ಳದೆ ಪತ್ರಕರ್ತ ಎಂದೇ ಹೇಳಿಕೊಂಡರು. ಮುಂದೆ ಎಡಿನ್‌ಬರೋದಲ್ಲಿ ಕೆಲಸ ಮಾಡುವಾಗ ಸ್ಕಾಟ್ಲೆಂಡಿನ ವಿಸ್ಕಿಯ ಪರಿಚಯವಾಯಿತು. ಆನಂತರ ಲಂಡನ್. ಅಲ್ಲಿ 1968ರಲ್ಲಿ ಆರಂಭವಾದ ಜಾಹೀರಾತು ಉದ್ಯಮದ ಪತ್ರಿಕೆ ಕ್ಯಾಂಪೇನ್ ಅನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಜಾಹೀರಾತಿನ ಒಳಮರ್ಮ ಅರಿತವರೊಬ್ಬರು ಮುಂದೆ ಜಾಹೀರಾತೇ ಇಲ್ಲದ ಮೂಲೆಯ ಬಿಯರುಗಳ ಪರ ನಿಂತದ್ದು ಆಕಸ್ಮಿಕವೇನಲ್ಲ ಎನ್ನಿಸುತ್ತದೆ.

1969ರಲ್ಲಿ ಕೆಲಸದ ನಿಮಿತ್ತ ನೆದರ್ಲೆಂಡ್ಸಿನಲ್ಲಿದ್ದಾಗ ಅವರು ಬೆಲ್ಜಿಯಂನ ಬಿಯರನ್ನು ಮೊದಲ ಬಾರಿಗೆ ಮನಸ್ಸಿಟ್ಟು ಸವಿದರು. ಅಲ್ಲಿಂದ ಅವರ ದಾರಿ ತಿರುಗಿತು. ಟ್ರ್ಯಾಪಿಸ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳು ಮಠದ ಗೋಡೆಗಳೊಳಗೆ ತಯಾರಿಸುವ ಗಾಢವರ್ಣದ, ಒಣಹಣ್ಣಿನ ಪರಿಮಳದ ಆ ಬಿಯರಿಗೂ ಇಂಗ್ಲೆಂಡಿನ ಪಬ್ಬುಗಳಲ್ಲಿ ಸಿಗುತ್ತಿದ್ದುದಕ್ಕೂ ಏನೇನೂ ಹೋಲಿಕೆ ಇರಲಿಲ್ಲ. ಎರಡಕ್ಕೂ ಒಂದೇ ಹೆಸರಿರುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಹಿಡಿಯಿತು.

ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಬ್ರಿಟನ್ನಿನಲ್ಲಿ ಆರು ದೊಡ್ಡ ಕಂಪನಿಗಳು ಊರೂರಿನ ಸಣ್ಣ ಬ್ರೂವರಿಗಳನ್ನು ನುಂಗಿಹಾಕಿದ್ದವು. ಪೀಪಾಯಿಯೊಳಗೆ ಜೀವಂತವಾಗಿ ಹುದುಗುತ್ತಿದ್ದ ಸಾಂಪ್ರದಾಯಿಕ ಏಲ್ ಬದಲಿಗೆ ಸೋಸಿ, ಬಿಸಿ ಮಾಡಿ, ಅನಿಲ ತುಂಬಿದ ಒಂದೇ ತೆರನ ಬಿಯರ್ ಎಲ್ಲೆಡೆ ಬಂದಿತ್ತು. ಇದನ್ನು ಪ್ರತಿಭಟಿಸಲೆಂದೇ 1971ರಲ್ಲಿ ಕ್ಯಾಮ್ರಾ ಎಂಬ ಗ್ರಾಹಕ ಸಂಘಟನೆ ಹುಟ್ಟಿಕೊಂಡಿತು. ಬೆಲ್ಜಿಯಂನಲ್ಲಿ 1900ರ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದವು. 1980ರ ದಶಕಕ್ಕೆ ಅವುಗಳ ಸಂಖ್ಯೆ ಒಂದೂವರೆ ನೂರಕ್ಕಿಂತ ಕೆಳಗಿಳಿದಿತ್ತು. ಅಷ್ಟು ದೊಡ್ಡ ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಉಳಿದಿದ್ದ ಬ್ರೂವರಿಗಳು ನೂರಕ್ಕೂ ಕಡಿಮೆ.

1976ರಲ್ಲಿ ಇಂಗ್ಲೆಂಡಿನ ಪಬ್ಬುಗಳ ಕುರಿತು ಒಂದು ಪುಸ್ತಕ ಬರೆದ ಜಾಕ್ಸನ್, ಮರುವರ್ಷ ವರ್ಲ್ಡ್ ಗೈಡ್ ಟು ಬಿಯರ್ ಎಂಬ ದೊಡ್ಡ ಗ್ರಂಥವನ್ನು ಹೊರತಂದರು. ದ್ರಾಕ್ಷಾರಸದ ಬಗ್ಗೆ ಯುರೋಪಿನಲ್ಲಿ ಪುಸ್ತಕಗಳ ರಾಶಿಯೇ ಇತ್ತು. ಯಾವ ಊರಿನ, ಯಾವ ಇಳಿಜಾರಿನ, ಯಾವ ವರ್ಷದ ದ್ರಾಕ್ಷಿ ಎಂಬ ಚರ್ಚೆ ವಿದ್ವಾಂಸರ ಮಟ್ಟದಲ್ಲಿ ನಡೆಯುತ್ತಿತ್ತು. ಬಿಯರ್ ಮಾತ್ರ ದುಡಿಯುವ ಜನ ಸಂಜೆ ಗಂಟಲಿಗಿಳಿಸುವ ವಸ್ತು, ಅದರ ಬಗ್ಗೆ ಬರೆಯುವುದೇನಿದೆ ಎಂಬ ಭಾವನೆ ಬಲವಾಗಿತ್ತು. ಜಾಕ್ಸನ್ ಆ ಗೌರವವನ್ನು ಬಿಯರಿಗೂ ಸಲ್ಲಿಸಿದರು. ದೇಶ ದೇಶಗಳ ಬಿಯರುಗಳನ್ನು ಅವು ಹುದುಗುವ ಬಗೆ, ಬಳಸುವ ಧಾನ್ಯ, ಹುಟ್ಟಿದ ಊರು ಇವುಗಳ ಆಧಾರದ ಮೇಲೆ ವಿಂಗಡಿಸಿದರು. ಇಂದು ಬಿಯರ್ ಶೈಲಿ ಎಂದು ಲೋಕವೆಲ್ಲ ಬಳಸುವ ಪರಿಕಲ್ಪನೆ ರೂಢಿಗೆ ಬಂದದ್ದು ಬಹುಪಾಲು ಈ ಪುಸ್ತಕದಿಂದ. ಅದು ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಯಿತು.

ಅವರು ಬಣ್ಣಿಸಿದ ಬಿಯರುಗಳಲ್ಲಿ ಲ್ಯಾಂಬಿಕ್ ನಮ್ಮ ಓದುಗರಿಗೆ ಬೇಗ ಅರ್ಥವಾಗಬಹುದಾದದ್ದು. ಬ್ರಸೆಲ್ಸ್ ಸಮೀಪದ ಸೆನ್ನೆ ನದಿಯ ಕಣಿವೆಯಲ್ಲಿ ಬಾರ್ಲಿ ಮತ್ತು ಗೋಧಿಯ ಕಷಾಯವನ್ನು ಕುದಿಸಿ, ಚಳಿಗಾಲದ ರಾತ್ರಿ ಅಟ್ಟದ ಮೇಲಿನ ಅಗಲವಾದ ತೆರೆದ ಕೊಪ್ಪರಿಗೆಯಲ್ಲಿ ಹರಡಿಡುತ್ತಾರೆ. ಯಾರೂ ಯೀಸ್ಟ್ ಹಾಕುವುದಿಲ್ಲ. ಹಾಗೆಯೇ ಬಿಟ್ಟ ನಮ್ಮ ದೋಸೆ ಹಿಟ್ಟು ರಾತ್ರಿ ಕಳೆಯುವುದರೊಳಗೆ ತಾನಾಗಿ ಉಬ್ಬಿ ಹುಳಿಯಾಗುವಂತೆ, ಗಾಳಿಯಲ್ಲೂ ಮರದಲ್ಲೂ ಇರುವ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಮಾಗಬೇಕು. ಎಳೆಯದನ್ನೂ ಹಳೆಯದನ್ನೂ ಹದವರಿತು ಬೆರೆಸಿದರೆ ಗೂಜ್. ಹುಳಿ ಚೆರ್ರಿ ಹಣ್ಣು ನೆನೆಹಾಕಿದರೆ ಕ್ರೀಕ್. ಸಿಹಿಗೆ ಒಗ್ಗಿದ ಹೊಸ ಪೀಳಿಗೆಗೆ ಈ ಹುಳಿ ಬೇಡವಾಗಿತ್ತು. ಇದನ್ನು ತಯಾರಿಸುವ ಮನೆತನಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಉಳಿದವುಗಳಲ್ಲೊಂದಾದ ಕಾಂತಿಯೋಂ 1978ರಲ್ಲಿ ತನ್ನನ್ನೇ ವಸ್ತುಸಂಗ್ರಹಾಲಯವನ್ನಾಗಿಸಿ ಪ್ರವಾಸಿಗರಿಗೆ ತೆರೆದುಕೊಳ್ಳಬೇಕಾಯಿತು. ಜಾಕ್ಸನ್ ಬರೆದದ್ದನ್ನು ಓದಿ ದೂರದೇಶಗಳಿಂದ ಜನ ಈ ಹುಳಿಯನ್ನು ಹುಡುಕಿಕೊಂಡು ಬರತೊಡಗಿದರು. ಪಕ್ಕದ ಮನೆಯವರಿಗೆ ಬೇಡವಾದದ್ದು ಪರದೇಶಿಗೆ ಬೇಕಾದಾಗ ಅದರ ಬೆಲೆ ಪಕ್ಕದ ಮನೆಯವರಿಗೂ ತಿಳಿಯುತ್ತದೆ. ನಮ್ಮ ಸಿರಿಧಾನ್ಯಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಹೂಗಾರ್ಡನ್ ಊರಿನ ಪ್ರಸಂಗ ಇನ್ನೂ ಸ್ವಾರಸ್ಯಕರ. ಗೋಧಿ, ಕೊತ್ತಂಬರಿ ಬೀಜ ಮತ್ತು ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಮಸುಕು ಬಿಳುಪಿನ ಬಿಯರಿಗೆ ಆ ಊರು ಶತಮಾನಗಳಿಂದ ಹೆಸರಾಗಿತ್ತು. 1950ರ ದಶಕದಲ್ಲಿ ಅದರ ಕೊನೆಯ ಬ್ರೂವರಿಯೂ ಮುಚ್ಚಿತು. ಹಾಲು ಹಾಕುವ ಕಸುಬಿನ ಪಿಯರ್ ಸೆಲಿಸ್ ಎಂಬುವರು ಹುಡುಗನಾಗಿದ್ದಾಗ ಆ ಬ್ರೂವರಿಯಲ್ಲಿ ಕೈಕೆಲಸ ಮಾಡಿದ್ದರು. ಆ ನೆನಪಿನ ಬಲದಿಂದ 1960ರ ದಶಕದ ಮಧ್ಯದಲ್ಲಿ ಅವರು ಬಿಳಿ ಬಿಯರನ್ನು ಮತ್ತೆ ಮಾಡತೊಡಗಿದರು. ಇಂಥ ಕಥೆಗಳೆಂದರೆ ಜಾಕ್ಸನ್ನರಿಗೆ ಪ್ರಾಣ. ಸತ್ತುಹೋದ ಶೈಲಿಯೊಂದನ್ನು ಒಬ್ಬ ವ್ಯಕ್ತಿ ಬದುಕಿಸಿದ ಬಗೆಯನ್ನು ಅವರು ತಮ್ಮ ಬರಹಗಳಿಂದ ಲೋಕಕ್ಕೆ ತಲುಪಿಸಿದರು. 1985ರಲ್ಲಿ ಸೆಲಿಸ್ ಅವರ ಬ್ರೂವರಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಲು ದೊಡ್ಡ ಕಂಪನಿಯ ಹಣ ಬೇಕಾಯಿತು. ಹಣದ ಹಿಂದೆಯೇ ಒಡೆತನವೂ ಹೋಯಿತು. ಛಲ ಬಿಡದ ಸೆಲಿಸ್ 1992ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಅದೇ ಬಿಯರನ್ನು ಬೇರೆ ಹೆಸರಿನಲ್ಲಿ ಆರಂಭಿಸಿದರು. 2010ರ ನಂತರ ಬೆಂಗಳೂರಿನಲ್ಲಿ ತಲೆಯೆತ್ತಿದ ಮೈಕ್ರೊಬ್ರೂವರಿಗಳಲ್ಲಿ ಬೆಲ್ಜಿಯನ್ ವಿಟ್ ಎಂಬ ಬಿಯರ್ ಬಹಳ ಜನಪ್ರಿಯ. ಇಂದಿರಾನಗರದಲ್ಲಿ ಕುಳಿತು ಅದನ್ನು ಕುಡಿಯುವವರ ಮೂಗಿಗೆ ತಾಕುವ ಕೊತ್ತಂಬರಿ ಬೀಜದ ಕಂಪು ಆ ಹಾಲಿನವರ ನೆನಪಿನಿಂದ ಬಂದದ್ದು.

ಜಾಕ್ಸನ್ ಅವರ ಬರಹದ ರೀತಿಯೂ ವಿಶಿಷ್ಟ. ಚೆನ್ನಾಗಿದೆ, ಸಪ್ಪೆಯಾಗಿದೆ ಎಂಬ ತೀರ್ಪು ಅವರಿಗೆ ಸಾಲದು. ಮೊದಲು ಊರು ಬರಬೇಕು, ಅದರ ಹವೆ, ನೀರು, ಇತಿಹಾಸ ಬರಬೇಕು. ಆಮೇಲೆ ತಯಾರಕನ ಕೈಚಳಕ. ಕೊನೆಗೆ ಲೋಟದಲ್ಲಿರುವುದರ ಬಣ್ಣ, ನೊರೆ, ವಾಸನೆ, ರುಚಿ. ಹುರಿದ ಕಾಫಿ, ಚಾಕೊಲೇಟ್, ಒಣದ್ರಾಕ್ಷಿ, ತೊಗಲು, ಹುಲ್ಲು ಎಂದು ನಿತ್ಯಜೀವನದ ಮಾತುಗಳಲ್ಲೇ ಅವರು ರುಚಿಯನ್ನು ಹಿಡಿದರು. ಯಾವ ಬಿಯರಿಗೆ ಯಾವ ಅಡುಗೆ ಹೊಂದುತ್ತದೆ ಎಂಬುದನ್ನೂ ಹೇಳಿದರು. ಒಳ್ಳೆಯದನ್ನು ಹುಡುಕಿ ಹೇಳುವುದರಲ್ಲೇ ಸಮಯ ಸಾಲದಿರುವಾಗ ಕೆಟ್ಟದ್ದನ್ನು ಬೈಯುತ್ತ ಕೂರುವುದು ಅವರ ಜಾಯಮಾನವಾಗಿರಲಿಲ್ಲ.

ಪುಸ್ತಕದ ಒಂದು ಪರಿಣಾಮ ಅವರ ಹುಟ್ಟೂರಿನ ಪಕ್ಕದಲ್ಲೇ ಕಾಣಿಸಿಕೊಂಡಿತು. ವೆದರ್ಬಿಗೆ ಹತ್ತಿರದ ಟ್ಯಾಡ್‌ಕ್ಯಾಸ್ಟರ್ ಪಟ್ಟಣದಲ್ಲಿ ಸ್ಯಾಮ್ಯುಯಲ್ ಸ್ಮಿತ್ ಎಂಬ ಹಳೆಯ ಬ್ರೂವರಿಯಿದೆ. ಅಮೆರಿಕದ ಸಿಯಾಟಲ್‌ನ ಆಮದುದಾರ ಚಾರ್ಲ್ಸ್ ಫಿಂಕೆಲ್ ಜಾಕ್ಸನ್ನರ ಪುಸ್ತಕ ಓದಿ ಈ ಬ್ರೂವರಿಯ ಸಂಪರ್ಕ ಬೆಳೆಸಿದರು. ಓಟ್ಸ್ ಹಾಕಿ ಮಾಡುವ ಸ್ಟೌಟ್ ಬಿಯರ್ ಆ ಹೊತ್ತಿಗೆ ತಯಾರಿಕೆಯಿಂದಲೇ ಮರೆಯಾಗಿತ್ತು. ಫಿಂಕೆಲ್ ಕೋರಿಕೆಯಂತೆ 1980ರ ಸುಮಾರಿಗೆ ಸ್ಮಿತ್ ಬ್ರೂವರಿ ಅದನ್ನು ಮತ್ತೆ ತಯಾರಿಸಿತು. ಇಂದು ಓಟ್‌ಮೀಲ್ ಸ್ಟೌಟ್ ಮಾಡದ ದೇಶವನ್ನು ಹುಡುಕುವುದು ಕಷ್ಟ. ಯಾರ್ಕ್‌ಶೈರಿನ ಒಬ್ಬರು ಬರೆದದ್ದನ್ನು ಅಮೆರಿಕದ ಇನ್ನೊಬ್ಬರು ಓದಿ, ಯಾರ್ಕ್‌ಶೈರಿನವರಿಗೇ ಅವರ ಹಳೆಯ ಬಿಯರನ್ನು ನೆನಪಿಸಬೇಕಾಯಿತು!

ಅಮೆರಿಕದಲ್ಲಿ ಅವರ ಪ್ರಭಾವ ಇನ್ನೂ ಆಳವಾದದ್ದು. ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ ಬ್ರೂವರಿಯನ್ನು ಮುಳುಗುವ ಹಂತದಲ್ಲಿ, 1965ರಲ್ಲಿ, ಕೊಂಡು ಉಳಿಸಿದ ಫ್ರಿಟ್ಜ್ ಮೇಟ್ಯಾಗ್ ಅವರ ಸಾಹಸವನ್ನು ಜಾಕ್ಸನ್ ತುಂಬ ಮೆಚ್ಚಿ ಬರೆದರು. (ಆ ಬ್ರೂವರಿ 2023ರಲ್ಲಿ ಬಾಗಿಲು ಮುಚ್ಚಿದ ಸುದ್ದಿ ಕೇಳಲು ಅವರಿರಲಿಲ್ಲ.) ಮನೆಯಲ್ಲಿ ಬಿಯರ್ ತಯಾರಿಸಲು ಅಲ್ಲಿ ಕಾನೂನಿನ ಅನುಮತಿ ದೊರೆತದ್ದು ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಹಾಕಿದ ಸಹಿಯಿಂದ. ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ಪ್ರಯೋಗಕ್ಕೆ ಹೊರಟವರಿಗೆ ಏನು ಮಾಡಬೇಕೆಂದು ತಿಳಿಯಲು ಒಂದು ನಕ್ಷೆ ಬೇಕಿತ್ತು. ಕೊಂಡು ರುಚಿ ನೋಡೋಣವೆಂದರೆ ಅಂಗಡಿಗಳಲ್ಲಿ ಆ ಬಿಯರುಗಳೇ ಇರಲಿಲ್ಲ. ಜಾಕ್ಸನ್ನರ ಪುಸ್ತಕವೇ ಅವರ ನಕ್ಷೆಯಾಯಿತು. ಎಂದೂ ಕುಡಿಯದ ಬಿಯರನ್ನು ಬರಿಯ ವರ್ಣನೆ ಓದಿ ತಯಾರಿಸಿದವರು ಅಲ್ಲಿದ್ದರು.

ಮನೆಬಿಯರ್ ತಯಾರಕರ ಸಂಘ ಕಟ್ಟಿದ ಚಾರ್ಲಿ ಪಪೇಜಿಯನ್ ಬ್ರಿಟನ್ನಿನ ಬಿಯರ್ ಉತ್ಸವವನ್ನು ನೋಡಿ, ಅಮೆರಿಕದಲ್ಲೂ ಅಂಥದೊಂದು ನಡೆಸಿದರೆ ಹೇಗೆ ಎಂದು ಜಾಕ್ಸನ್ನರಲ್ಲಿ ಪ್ರಸ್ತಾಪಿಸಿದರು. ಯೋಚನೆಯೇನೋ ಒಳ್ಳೆಯದೇ, ಆದರೆ ಅಲ್ಲಿ ಬಡಿಸಲು ಬಿಯರ್ ಎಲ್ಲಿಂದ ತರುತ್ತೀರಿ ಎಂದು ಜಾಕ್ಸನ್ ಕೇಳಿದರಂತೆ. ಚುಚ್ಚುವ ಪ್ರಶ್ನೆ ನಿಜ, ಅಂದಿನ ವಾಸ್ತವವೂ ಅದೇ. ಉತ್ಸವ 1982ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ ಸಣ್ಣದಾಗಿ ನಡೆದೇ ನಡೆಯಿತು. ಜಾಕ್ಸನ್ ಕಣ್ಣುಮುಚ್ಚುವ ವೇಳೆಗೆ ಅಮೆರಿಕದ ಬ್ರೂವರಿಗಳ ಸಂಖ್ಯೆ ಸಾವಿರದ ನಾನೂರನ್ನು ದಾಟಿತ್ತು. 2020ರ ದಶಕದಲ್ಲಿ ಅದು ಒಂಬತ್ತು ಸಾವಿರ ಮೀರಿತು.

1990ರ ಸುಮಾರಿಗೆ ಬಂದ ಬಿಯರ್ ಹಂಟರ್ ಎಂಬ ಆರು ಕಂತುಗಳ ದೂರದರ್ಶನ ಸರಣಿ ಅವರ ಮುಖವನ್ನು ಮನೆಮನೆಗೆ ಪರಿಚಯಿಸಿತು. ಬ್ರಿಟನ್ನಿನಲ್ಲಿ ಚಾನೆಲ್ 4, ಅಮೆರಿಕದಲ್ಲಿ ಡಿಸ್ಕವರಿ ವಾಹಿನಿ ಅದನ್ನು ತೋರಿಸಿದವು. ಡೀರ್ ಹಂಟರ್ ಎಂಬ ಚಲನಚಿತ್ರದ ಹೆಸರನ್ನು ತಿರುಚಿ ಇಟ್ಟ ಆ ಬಿರುದು ಅವರಿಗೆ ಖಾಯಮ್ಮಾಗಿ ಅಂಟಿಕೊಂಡಿತು. 1991ರಲ್ಲಿ ಬೆಲ್ಜಿಯಂ ಬಿಯರುಗಳ ಕುರಿತೇ ಒಂದು ಪೂರ್ಣ ಪುಸ್ತಕ, 1993ರಲ್ಲಿ ಬಿಯರ್ ಕಂಪ್ಯಾನಿಯನ್ ಬಂದವು. 1994ರಲ್ಲಿ ಬೆಲ್ಜಿಯಂನ ಅಂದಿನ ಯುವರಾಜ ಫಿಲಿಪ್ ಅವರಿಂದ ಆ ದೇಶಕ್ಕೆ ಸಲ್ಲಿಸಿದ ಸೇವೆಗಾಗಿ ಮರ್ಕ್ಯೂರಿಯಸ್ ಪ್ರಶಸ್ತಿ ಸ್ವೀಕರಿಸಿದರು. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಾರಿಯನ್ನು ಹದಗೊಳಿಸಿದವರಲ್ಲಿ ಈ ಇಂಗ್ಲಿಷ್ ಪತ್ರಕರ್ತರ ಪಾಲು ಸಣ್ಣದಲ್ಲ.

ವಿಸ್ಕಿಯ ಕ್ಷೇತ್ರದಲ್ಲೂ ಅವರ ಮಾತಿಗೆ ಅಷ್ಟೇ ತೂಕವಿತ್ತು. 1989ರಲ್ಲಿ ಮೊದಲು ಪ್ರಕಟವಾದ ಮಾಲ್ಟ್ ವಿಸ್ಕಿ ಕಂಪ್ಯಾನಿಯನ್‌ನಲ್ಲಿ ಪ್ರತಿ ವಿಸ್ಕಿಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟರು. ಹಣದ ದೃಷ್ಟಿಯಿಂದ ಬಿಯರಿಗಿಂತ ವಿಸ್ಕಿ ಪುಸ್ತಕಗಳೇ ಅವರನ್ನು ಸಾಕಿದವು ಎನ್ನುವವರುಂಟು. ಬೆಂಗಳೂರಿನ ಅಮೃತ್ ಸಂಸ್ಥೆ ತನ್ನ ಸಿಂಗಲ್ ಮಾಲ್ಟ್ ಅನ್ನು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಲೋಕಾರ್ಪಣೆ ಮಾಡಿದ್ದು 2004ರಲ್ಲಿ. ಊರು ಯಾವುದಾದರೂ ಸರಿ, ಲೋಟದಲ್ಲಿರುವುದನ್ನು ಮೂಸಿ ನೋಡಿ ಮಾತಾಡಬೇಕೆಂಬ ಮನೋಭಾವ ಅಲ್ಲಿ ಅಷ್ಟರಮಟ್ಟಿಗೆ ಬೆಳೆದಿತ್ತು.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪುರಾತತ್ತ್ವ ಸಂಗ್ರಹಾಲಯದಲ್ಲಿ ಅವರು ವರ್ಷವರ್ಷವೂ ರುಚಿಗೋಷ್ಠಿ ನಡೆಸುತ್ತಿದ್ದರು. 2000ರಲ್ಲಿ ಅವರ ಗೌರವಾರ್ಥ ನಡೆದ ಭೋಜನಕೂಟದಲ್ಲಿ ವಿಜ್ಞಾನಿ ಪ್ಯಾಟ್ರಿಕ್ ಮೆಕ್‌ಗವರ್ನ್ ನೆರೆದ ತಯಾರಕರಿಗೆ ಒಂದು ಸವಾಲೊಡ್ಡಿದರು. ಟರ್ಕಿಯ ಗೋರ್ಡಿಯನ್‌ನಲ್ಲಿ ದೊರೆ ಮಿಡಾಸನ ಕಾಲದ್ದೆನ್ನಲಾದ, ಸುಮಾರು 2700 ವರ್ಷ ಹಳೆಯ ಗೋರಿಯ ಪಾತ್ರೆಗಳಲ್ಲಿ ಜೇನು, ಬಾರ್ಲಿ, ದ್ರಾಕ್ಷಿಗಳ ಪೇಯದ ಶೇಷ ಸಿಕ್ಕಿತ್ತು. ಅದನ್ನು ಮರುಸೃಷ್ಟಿಸಬೇಕಿತ್ತು. ಡಾಗ್‌ಫಿಶ್ ಹೆಡ್ ಬ್ರೂವರಿ ಅದರಲ್ಲಿ ಗೆದ್ದು ಆ ಪೇಯವನ್ನು ಮಾರುಕಟ್ಟೆಗೂ ತಂದಿತು.

ಜಾಕ್ಸನ್ನರ ಕೆಲಸದಲ್ಲಿ ಲೋಪವಿರಲಿಲ್ಲ ಎನ್ನಲಾಗದು. ಅವರು ಪ್ರಯಾಣಿಸಿ, ಕೇಳಿ ತಿಳಿದು ಬರೆದವರು. ದಾಖಲೆಗಳ ನಡುವೆ ಕುಳಿತ ಇತಿಹಾಸಕಾರರಲ್ಲ. ಬ್ರೂವರಿಗಳವರು ಹೇಳಿಕೊಂಡು ಬಂದ ದಂತಕಥೆಗಳಲ್ಲಿ ಕೆಲವು ಅವರ ಪುಸ್ತಕಗಳಲ್ಲಿ ಇತಿಹಾಸವಾಗಿ ನುಸುಳಿದವು. ಹಳೆಯ ಲೆಕ್ಕಪುಸ್ತಕಗಳನ್ನು ತೆರೆದು ನೋಡಿದ ನಂತರದ ಸಂಶೋಧಕರು ಹಲವನ್ನು ತಿದ್ದಿದ್ದಾರೆ. ಇನ್ನೊಂದು ಟೀಕೆ, ಶೈಲಿಗಳೆಂಬ ಚೌಕಟ್ಟು ಕ್ರಮೇಣ ಬಿಗಿಯಾಗಿ, ಸ್ಪರ್ಧೆಗಳಲ್ಲಿ ಬಿಯರನ್ನು ಅಳೆಯುವ ಕೋಲಾಯಿತು ಎಂಬುದು. ಅವರು ಗೆರೆ ಎಳೆದದ್ದು ಗುರುತಿಗಾಗಿ. ಬೇಲಿ ಹಾಕಿದವರು ಅನಂತರ ಬಂದವರು.

ಅವರ ಕೊನೆಯ ದಿನಗಳು ನೋವಿನವು. ಒಂದು ದಶಕಕ್ಕೂ ಹೆಚ್ಚು ಕಾಲ ಪಾರ್ಕಿನ್ಸನ್ ಕಾಯಿಲೆ ಅವರ ದೇಹವನ್ನು ಕಾಡಿತು, ಜೊತೆಗೆ ಮಧುಮೇಹ. ಬಹುಕಾಲ ಅದನ್ನು ಗುಟ್ಟಾಗಿಟ್ಟರು. ಕೈ ನಡುಗುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು. ವೇದಿಕೆಯ ಮೇಲೆ ನಿಂತವರು ಬಿಯರ್ ಬರಹಗಾರರಾದ್ದರಿಂದ ನೋಡಿದವರು ಬೇರೇನು ತಿಳಿದಾರು? ಅತಿಯಾಗಿ ಕುಡಿದಿದ್ದಾರೆ ಎಂದು ಬೆನ್ನ ಹಿಂದೆ ಆಡಿಕೊಂಡರು. ಕಡಿಮೆ ಕುಡಿಯಿರಿ, ಒಳ್ಳೆಯದನ್ನು ಕುಡಿಯಿರಿ, ಗಮನವಿಟ್ಟು ಕುಡಿಯಿರಿ ಎಂಬ ಧಾಟಿಯಲ್ಲೇ ಮೂವತ್ತು ವರ್ಷ ಬರೆದವರಿಗೆ ಇದಕ್ಕಿಂತ ಕಹಿಯಾದ ಅಪವಾದ ಇನ್ನಾವುದು? ಕೊನೆಗೆ 2006ರ ಡಿಸೆಂಬರಿನಲ್ಲಿ ಕಾಯಿಲೆಯ ವಿಷಯವನ್ನು ಬಹಿರಂಗಪಡಿಸಿದರು. ತಾನು ಕುಡಿದಿಲ್ಲ ಎಂಬ ಅರ್ಥದ ಶೀರ್ಷಿಕೆಯಿಟ್ಟು ಆ ಅನುಭವವನ್ನೇ ಪುಸ್ತಕವಾಗಿಸುವ ಯೋಚನೆ ಅವರಿಗಿತ್ತು. ಅದು ಕೈಗೂಡಲಿಲ್ಲ. 2007ರ ಆಗಸ್ಟ್ 30ರಂದು ಲಂಡನ್ನಿನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಆಗ 65 ವರ್ಷ.

ಮುಂದಿನ ತಿಂಗಳ ಕೊನೆಯಲ್ಲಿ ಅಮೆರಿಕದ ಹಲವು ಊರುಗಳ ಪಬ್ಬುಗಳಲ್ಲಿ ಜನ ಸೇರಿ ಅವರ ನೆನಪಿಗೆ ಲೋಟ ಎತ್ತಿದರು. ಪಾರ್ಕಿನ್ಸನ್ ರೋಗಿಗಳ ನೆರವಿಗೆ ಹಣವನ್ನೂ ಕೂಡಿಸಿದರು. ಅವರ ಪುಸ್ತಕಗಳು, ಪತ್ರಗಳು, ಬ್ರೂವರಿ ಬ್ರೂವರಿಗೆ ಹೋಗಿ ಬರೆದುಕೊಂಡ ಟಿಪ್ಪಣಿಗಳು ಈಗ ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಬಿಯರಿನ ಇತಿಹಾಸ ಬರೆಯುವವರು, ಅವರು ಬರೆದ ಇತಿಹಾಸವನ್ನು ತಿದ್ದುವವರೂ ಸೇರಿದಂತೆ, ಅಲ್ಲಿಗೆ ಹೋಗಿ ಆ ಹಾಳೆಗಳನ್ನು ತಿರುವಿಹಾಕುತ್ತಾರೆ.